24 ಗಂಟೆಯಲ್ಲಿ ಸಾಯದ ಗಿಡಹೇನು

ಗಿಡಹೇನಿಗೆ ಹೊಡೆಯುವ ಪೈಮೆಟ್ರೋಜಿನ್ ಅನ್ನುವ ಕೀಟನಾಶಕದ ಟ್ರಯಲ್‌ಗೆ 'ಫೇಲ್' ಅಂತ ಬರೆದಾಗಿತ್ತು. ಸಹಿ ಒಂದೇ ಬಾಕಿ. ಆ ರಿವ್ಯೂ ಮೀಟಿಂಗ್ ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಔಷಧಿ ಹುಳಕ್ಕೆ ತಟ್ಟುತ್ತದೆಯೇ ಅಂತ ನೋಡುವ ಪರೀಕ್ಷೆಯೇ ಬಯೋಅಸ್ಸೇ. ನಮ್ಮ ಬಯೋಅಸ್ಸೇ ಶೀಟಿನಲ್ಲಿ ಇರುವುದು ಎರಡೇ ಕಾಲಂ: ಬದುಕಿದೆ, ಸತ್ತಿದೆ. ಲೀಫ್ ಡಿಪ್, ಅಂದರೆ ಔಷಧಿಯಲ್ಲಿ ಅದ್ದಿದ ಎಲೆ ಮೇಲೆ ಹುಳ ಬಿಟ್ಟ 24 ಗಂಟೆಗೆ ಬ್ರಷ್‌ನಿಂದ ಮುಟ್ಟಬೇಕು. ಅಲ್ಲಾಡದಿದ್ದರೆ ಸತ್ತಿದೆ ಅಂತ ಲೆಕ್ಕ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕಕ್ಕೆ ಇದು ಸಾಕು. ಅದು ನರಕೋಶದ ನಿಕೋಟಿನಿಕ್ ರಿಸೆಪ್ಟರ್ ಅನ್ನುವ, ಸಂಕೇತ ಹಿಡಿಯುವ ಪ್ರೋಟೀನ್‌ಗೆ ಅಂಟಿಕೊಂಡು ನರವನ್ನು ಕೆರಳಿಸುತ್ತಲೇ ಇರುತ್ತದೆ. ಹುಳ ನಡುಗುತ್ತದೆ, ಮಗುಚಿ ಬೀಳುತ್ತದೆ. ಮರುದಿನ ಎಣಿಸಿದರೆ ಉತ್ತರ ಸಿಕ್ಕಿಬಿಡುತ್ತದೆ.

ಪೈಮೆಟ್ರೋಜಿನ್ ಹಿಡಿಯುವ ಜಾಗವೇ ಬೇರೆ. ಗಿಡಹೇನಿನ ಕಾಲಿನ ಕೀಲುಗಳಲ್ಲಿ, ಮೀಸೆಯಲ್ಲಿ ಕಾರ್ಡೋಟೋನಲ್ ಅಂಗಗಳಿವೆ. ಕಾಲು ಎಷ್ಟು ಮಡಚಿದೆ, ಮೈ ಎತ್ತ ವಾಲಿದೆ ಅನ್ನುವುದನ್ನು ಅಲ್ಲಿನ ನರಕೋಶಗಳು ಸೆಳೆತದಿಂದ ತಿಳಿಯುತ್ತವೆ. ಅಲ್ಲಿ ನಾನ್‌ಚುಂಗ್, ಇನಾಕ್ಟಿವ್ ಅನ್ನುವ ಎರಡು ಪ್ರೋಟೀನ್ ಸೇರಿ ಆದ ಒಂದು ಚಾನೆಲ್, ಅಂದರೆ ಕೋಶದ ಪೊರೆಯಲ್ಲಿನ ಬಾಗಿಲು ಇದೆ. ಔಷಧಿ ಅದನ್ನು ತೆರೆದೇ ಇಡುತ್ತದೆ. ಹುಳ ಸೂಜಿಬಾಯಿ ಹೊರಗೆಳೆದು ರಸ ಹೀರುವುದನ್ನು ನಿಲ್ಲಿಸುತ್ತದೆ. ಆದರೆ ನಡೆದಾಡುತ್ತಲೇ ಇರುತ್ತದೆ. ಹಸಿವಿನಿಂದ ಸಾಯೋದಕ್ಕೆ ಕೆಲವು ದಿನ ಬೇಕು. ಇದು 1990ರ ದಶಕದಲ್ಲೇ ಮಾರುಕಟ್ಟೆಗೆ ಬಂದ ಔಷಧಿ. ಆ ಚಾನೆಲ್ಲೇ ಇದರ ಗುರಿ ಅಂತ ಗೊತ್ತಾಗಿದ್ದು ಮಾತ್ರ 2015ರಲ್ಲಿ.

ಮೀಟಿಂಗ್‌ನಲ್ಲಿ ಇದನ್ನೇ ಹೇಳಿದೆ. ಮ್ಯಾನೇಜರ್ ಪರದೆ ಮೇಲಿದ್ದ ಗ್ರಾಫ್ ತೋರಿಸಿದರು. ಟ್ರೀಟೆಡ್ (ಔಷಧಿ ಹಾಕಿದ) ಗೆರೆ, ಕಂಟ್ರೋಲ್ (ಔಷಧಿ ಹಾಕದ) ಗೆರೆ ಎರಡೂ ಹತ್ತಿರ ಹತ್ತಿರ. "ಹುಳ ಓಡಾಡ್ತಾ ಇದೆ ಅಲ್ವಾ? ರೆಸಿಸ್ಟೆನ್ಸ್ ಅಂತ ಬರೀರಿ. ರಿಪೋರ್ಟ್ ಇವತ್ತೇ ಹೋಗಬೇಕು." ರೆಸಿಸ್ಟೆನ್ಸ್ ಅಂದರೆ ಹುಳ ಔಷಧಿಯನ್ನು ತಡೆದುಕೊಳ್ಳುವ ಶಕ್ತಿ ಬೆಳೆಸಿಕೊಂಡಿದೆ ಅಂತ.

ಅದೇ ಹೊತ್ತಿಗೆ ನನ್ನ ಫಿಲ್ಟರ್ ಪೇಪರ್‌ಗಳು ಓವನ್‌ನಲ್ಲಿದ್ದವು. ಎಲೆ, ಹುಳ ಇರುವ ಪ್ಲೇಟ್‌ಗಳನ್ನು ಬೋರಲು ಹಾಕಿ ಇಡುತ್ತೇವೆ. ಹುಳ ಹೀರಿದ್ದರೆ ಅದು ಹೊರಹಾಕುವ ಸಿಹಿ ಅಂಟು ಮುಚ್ಚಳದ ಮೇಲೆ ಬೀಳಲೇಬೇಕು. ಅದಕ್ಕೇ ಅಲ್ಲಿ ಪೇಪರ್ ಇಟ್ಟಿದ್ದೆ. ಬೆಳಿಗ್ಗೆ ಅದಕ್ಕೆ ನಿನ್‌ಹೈಡ್ರಿನ್ ಹಾಕಿದ್ದೆ. ಅಂಟಿನಲ್ಲಿ ಅಮೈನೋ ಆಮ್ಲ ಇರೋದರಿಂದ ಬಿಸಿಗೆ ನೇರಳೆ ಚುಕ್ಕೆ ಏಳುತ್ತದೆ. ಬಣ್ಣ ಬಂದಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಮ್ಯಾನೇಜರ್ ಪೆನ್ನು ತೆಗೆದರು. "ಹತ್ತು ನಿಮಿಷ ಕೊಡಿ ಸರ್" ಅಂದೆ. ಯಾರೂ ಮಾತಾಡಲಿಲ್ಲ. ಒಬ್ಬರು ಗಡಿಯಾರ ನೋಡಿದರು. ನಾನು ಎದ್ದು ಲ್ಯಾಬಿಗೆ ಓಡಿದೆ.

ಬಿಸಿ ಪೇಪರ್‌ಗಳನ್ನೇ ತಂದು ಮೇಜಿನ ಮೇಲೆ ಹರಡಿದೆ. ಕಂಟ್ರೋಲ್ ಪೇಪರ್ ತುಂಬಾ ನೇರಳೆ ಚುಕ್ಕೆ. ಟ್ರೀಟೆಡ್ ಪೇಪರ್ ಹೆಚ್ಚುಕಡಿಮೆ ಖಾಲಿ. ಹುಳ ಓಡಾಡುತ್ತಿತ್ತು ನಿಜ, ಹೀರುತ್ತಿರಲಿಲ್ಲ. ಸಹಿ ನಿಂತಿತು. ಅದೇ ಪ್ಲೇಟ್‌ಗಳನ್ನು ಮುಂದಿನ ದಿನಗಳಲ್ಲೂ ನೋಡಿದೆವು. ಟ್ರೀಟೆಡ್ ಹುಳಗಳು ಒಣಗಿ ಉದುರಿದವು. ಕಂಟ್ರೋಲ್‌ನಲ್ಲಿ ಮರಿಗಳು ತುಂಬಿಕೊಂಡವು.

ನನ್ನನ್ನು ಕಾಡುವುದು ಆ 'ರೆಸಿಸ್ಟೆನ್ಸ್' ಅನ್ನುವ ಮಾತು. ಅದು ರಿಪೋರ್ಟ್‌ನಲ್ಲಿ ಹೋಗಿದ್ದರೆ ಡೋಸ್ ಜಾಸ್ತಿ ಮಾಡಿ ಅಂತ ಯಾರೋ ಸಲಹೆ ಕೊಡುತ್ತಿದ್ದರು. ಇಲ್ಲವೇ ಚೆನ್ನಾಗಿ ಕೆಲಸ ಮಾಡುವ ಒಂದು ಔಷಧಿಯನ್ನು ಸುಮ್ನೆ ಕೈಬಿಡುತ್ತಿದ್ದರು. ಔಷಧಿಯ ಗುರಿ ಯಾವುದು ಅಂತ ಕೇಳದೆ ರೀಡಿಂಗ್ ಟೈಮ್ ಗೊತ್ತು ಮಾಡುವುದು ಸರಿಯಲ್ಲ. ಸಾಫ್ಟ್‌ವೇರ್‌ನಲ್ಲಿ ಇವತ್ತಿಗೂ 24 ಗಂಟೆಯ ಆ ಎರಡೇ ಕಾಲಂ ಇವೆ. 'ಹೀರುತ್ತಿದೆಯಾ' ಅನ್ನುವ ಕಾಲಂ ಸೇರಿಸಿ ಅಂತ ಮತ್ತೆ ಮತ್ತೆ ಬರೆದು ಕೊಟ್ಟಿದ್ದೇನೆ. ಅಲ್ಲಿವರೆಗೆ ಚುಕ್ಕೆಗಳ ಲೆಕ್ಕವನ್ನು ಶೀಟಿನ ಅಂಚಿನಲ್ಲಿ ಪೆನ್ನಿನಿಂದಲೇ ಬರೆಯುತ್ತೇವೆ.