ನಾಲ್ಕು ಬ್ಯಾಟರಿ, ಮೂರು ಹೊಸ್ತಿಲು

ಬ್ಯಾಟರಿ ಮಷೀನುಗಳು ಕೈಗೆ ಬಂದ ಮೇಲೆ ಉಳಿ, ಗರಗಸಗಳಿಗೆ ಸಾಣೆ ಹಿಡಿಯುವುದು ನನಗೆ ಹೆಚ್ಚಾಯಿತು ಎಂದರೆ ಹಾಸನದ ನನ್ನ ಕಸುಬಿನವರೇ ನಗುತ್ತಾರೆ. ಮಷೀನು ಬಂದರೆ ಸಾಣೆಕಲ್ಲು ಮೂಲೆ ಸೇರಬೇಕು ಎಂಬುದು ಅವರ ಲೆಕ್ಕ. ನನ್ನ ಲೆಕ್ಕ ತಿರುವುಮುರುವಾದದ್ದು ಹೋದ ಮಳೆಗಾಲದಲ್ಲಿ, ಸಕಲೇಶಪುರದಿಂದ ಹಾನುಬಾಳಿನ ಕಡೆಗೆ ಹೋಗುವಾಗ ಸಿಗುವ ಒಂದು ತೋಟದ ಮನೆಯ ಕೆಲಸದಲ್ಲಿ.

ಆ ಮನೆಯ ಗೌಡರ ತಾಯಿಗೆ ಎಂಬತ್ತು ದಾಟಿದೆ. ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಹಾಸನದಲ್ಲಿ ಶಸ್ತ್ರಚಿಕಿತ್ಸೆ ಆಗಿತ್ತು. ವಾರದೊಳಗೆ ಗಾಲಿಕುರ್ಚಿಯಲ್ಲಿ ಮನೆಗೆ ಬರುವವರಿದ್ದರು. ಗೌಡರು ಆಸ್ಪತ್ರೆಯಿಂದ ನೇರವಾಗಿ ನನ್ನ ಶೆಡ್ಡಿಗೆ ಬಂದರು.

"ಆಚಾರ್ರೇ, ಅಮ್ಮನ ಕೋಣೆಯ ಬಾಗಿಲು, ಬಚ್ಚಲುಮನೆಯ ಬಾಗಿಲು ಎರಡನ್ನೂ ಅಗಲ ಮಾಡಿಕೊಡಬೇಕು. ಆದರೆ ಗೋಡೆ ಮುಟ್ಟುವ ಹಾಗಿಲ್ಲ."

ಮುಟ್ಟುವ ಹಾಗಿರಲಿಲ್ಲ ಎಂಬುದು ನಿಜ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಆಷಾಢದ ಮಳೆಯಲ್ಲಿ ಅದಕ್ಕೆ ಸುತ್ತಿಗೆ ಹಾಕಿದರೆ ಎಲ್ಲಿಯವರೆಗೆ ಉದುರುತ್ತದೆ ಎಂದು ಹೇಳುವವರು ಯಾರೂ ಇಲ್ಲ. ಆದರೆ ಹಳೆಯ ಮನೆಗಳ ಬಾಗಿಲುವಾಡದಲ್ಲೇ ಜಾಗ ಅಡಗಿರುತ್ತದೆ. ಅಲ್ಲಿ ವಾಡದ ಒಳಗಿನ ದಾರಿ 2 ಅಡಿ 1 ಅಂಗುಲ ಮಾತ್ರ. ಎರಡೂ ಕಡೆಯ ನಿಲುವುಗಳು ನಾಲ್ಕು ನಾಲ್ಕು ಅಂಗುಲದ ಹೊನ್ನೆ ಮರ. ಅವನ್ನು ತೆಗೆದು, ಒಂದು ಅಂಗುಲದ ತೇಗದ ಹಲಗೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ದಾರಿ 2 ಅಡಿ 7 ಅಂಗುಲವಾಗುತ್ತದೆ. ಸಾರ್ವಜನಿಕ ಕಟ್ಟಡಗಳಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಕೇಳುವುದು 900 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಮೂರು ಅಡಿ. ಅಷ್ಟು ನಮಗೆ ಸಿಗುವಂತಿರಲಿಲ್ಲ. ಆದರೆ ಗೌಡರು ತಂದಿದ್ದ ಕುರ್ಚಿ ಇಪ್ಪತ್ತೈದು ಅಂಗುಲದ್ದು. ಗಾಲಿ ತಿರುಗಿಸುವ ಬೆರಳುಗಳಿಗೂ ಸೇರಿಸಿ ಜಾಗ ಸಾಕಿತ್ತು.

ಹೊರಡುವ ಹಿಂದಿನ ರಾತ್ರಿ ಫೋನು ಬಂತು. ರಸ್ತೆಯ ಮೇಲೆ ಮರ ಬಿದ್ದು ಕಂಬಗಳು ಮುರಿದಿವೆ, ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ. ಮನೆಯ ಯುಪಿಎಸ್ ಆಗಲೇ ಖಾಲಿ. ಜನರೇಟರ್ ಇದೆ, ಆದರೆ ಅದಿರುವುದು ಕೆಳಗಿನ ಪಲ್ಪರ್ ಮನೆಯಲ್ಲಿ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಶೆಡ್ಡಿನಲ್ಲಿ. ಸಂಜೆ ಒಂದು ಗಂಟೆ ಓಡಿಸಿ ನೀರಿನ ಟ್ಯಾಂಕ್ ತುಂಬಿಸುತ್ತಾರೆ, ಅಷ್ಟೇ.

ನನ್ನ ಬಳಿ ಇದ್ದದ್ದು 18 ವೋಲ್ಟ್, 4 ಆಂಪಿಯರ್-ಅವರ್‌ನ ನಾಲ್ಕು ಬ್ಯಾಟರಿ. ಗುಣಿಸಿದರೆ ಒಂದೊಂದರಲ್ಲಿ 72 ವ್ಯಾಟ್-ಅವರ್. ನಾಲ್ಕೂ ಸೇರಿ 288. ಇದೇನು ದೊಡ್ಡ ಸಂಖ್ಯೆಯಲ್ಲ. ತಂತಿಯಲ್ಲಿ ಓಡುವ 1,200 ವ್ಯಾಟಿನ ಕಟಿಂಗ್ ಮಷೀನು ಪೂರ್ತಿ ಭಾರದಲ್ಲಿ ಇಷ್ಟನ್ನು ಕಾಲು ಗಂಟೆಯಲ್ಲಿ ಕುಡಿದು ಮುಗಿಸುತ್ತದೆ. ಒಂದು ಮನೆಯ ಎರಡು ಬಾಗಿಲು ಕೀಳುವ ಕೆಲಸಕ್ಕೆ ನನ್ನ ಕೈಯಲ್ಲಿ ಇದ್ದ ವಿದ್ಯುತ್ತು ಕಾಲು ಗಂಟೆಯದ್ದು!

ಅಂದೇ ರಾತ್ರಿ ಕೂತು ಕೆಲಸವನ್ನು ಎರಡು ಪಾಲು ಮಾಡಿದೆ. ಹಲಗೆ ಸೀಳುವುದು, ನುಣುಪು ಮಾಡುವುದು ಬ್ಯಾಟರಿಯನ್ನು ನುಂಗುವ ಕೆಲಸಗಳು. ಅವನ್ನು ಬೆಳಿಗ್ಗೆ ಹಾಸನದ ಮಿಲ್ಲಿನಲ್ಲೇ ಮುಗಿಸಿಕೊಂಡೆ. ವಾಡಕ್ಕೆ ತೇಗ, ಗಾಲಿಕುರ್ಚಿ ಮುಂಬಾಗಿಲಿನ ಹೊಸ್ತಿಲು ದಾಟಲು ಹಾಕುವ ಇಳಿಜಾರಿಗೆ ಸಿಲ್ವರ್ ಓಕ್. ತೂತು ಕೊರೆಯುವುದು, ಸ್ಕ್ರೂ ಬಿಗಿಯುವುದು, ಗೋಡೆಯ ಸಂದಿಯಲ್ಲಿ ಮರ ಕೊಯ್ಯುವುದು, ಇವಿಷ್ಟು ಬ್ಯಾಟರಿಯ ಪಾಲಿಗೆ. ಉಳಿದದ್ದು ಕೈಗೆ. ಹಾಗಾಗಿ ತೋಪಡ, ಅಗಲದ ಉಳಿಗಳು, ಕೊಡತಿ, ಎರಡು ಗರಗಸ ಎಲ್ಲವೂ ಪಿಕಪ್ ಏರಿದವು. "ಮಾವ, ಇಷ್ಟು ಹೊರುವುದಾದರೆ ಬ್ಯಾಟರಿ ಮಷೀನು ಯಾಕೆ?" ಎಂದು ನನ್ನ ಅಕ್ಕನ ಮಗ ಕೇಳಿದ. ಅವನು ನನ್ನ ಜೊತೆ ಕೆಲಸ ಕಲಿಯುತ್ತಿದ್ದಾನೆ. ಪೆಟ್ಟಿಗೆಯ ಮೇಲೆ 20 ವೋಲ್ಟ್ ಎಂದು ಬರೆದಿರುವ ಕಂಪನಿಯದ್ದು ನಮ್ಮದಕ್ಕಿಂತ ಜೋರು ಎಂಬ ನಂಬಿಕೆ ಅವನದು. ಎರಡರೊಳಗೂ ಐದೈದು ಸೆಲ್ಲುಗಳ ಸಾಲೇ ಇರುವುದು. ತುಂಬಿದ ಕೂಡಲೇ ಅಳೆದರೆ 20, ಕೆಲಸದ ನಡುವೆ ಅಳೆದರೆ 18. ಇದನ್ನು ಅವನಿಗೆ ಎಷ್ಟು ಸಲ ಹೇಳಿದರೂ ಒಪ್ಪುವುದಿಲ್ಲ.

ಮನೆಯೊಳಗೆ ಕತ್ತಲು. ನೆಲ ತೇವ. ತಂತಿಯ ಮಷೀನು ಇದ್ದಿದ್ದರೂ, ಜನರೇಟರಿನಿಂದ ಅಷ್ಟು ದೂರ ವೈರ್ ಎಳೆದು ಆ ಬಚ್ಚಲಿನಲ್ಲಿ ನಿಂತು ಕೆಲಸ ಮಾಡಲು ನಾನು ಒಪ್ಪುತ್ತಿರಲಿಲ್ಲ. ಜಾಯಿಂಟ್ ಬಿಟ್ಟ ವೈರು ನೀರಿನಲ್ಲಿ ಬಿದ್ದಿರುವುದನ್ನು ಕಸುಬಿನಲ್ಲಿ ಕಂಡವನು ನಾನು. 18 ವೋಲ್ಟ್‌ನ ಬ್ಯಾಟರಿಯಿಂದ ಆ ಭಯವಿಲ್ಲ. ವೇಗ, ಹಗುರ ಎಂದೆಲ್ಲ ಅಂಗಡಿಯವರು ಹೊಗಳುವುದಕ್ಕಿಂತ ಇದೊಂದೇ ಗುಣಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಮೊದಲು ವಾಡದ ಮೇಲಿನ ಗಾರೆ ಕೆರೆದು ನೋಡಿದೆ. ಮೇಲೆ ಬೇರೆಯದೇ ಮರದ ಹಲಗೆಗಳು ಗೋಡೆಯ ಭಾರ ಹೊತ್ತಿದ್ದವು. ವಾಡದ ಮೇಲೆ ಭಾರವಿಲ್ಲ ಎಂದು ಖಾತ್ರಿಯಾಯಿತು. ಇದನ್ನು ನೋಡದೆ ವಾಡ ಕೊಯ್ಯುವವರು ಇದ್ದಾರೆ, ಅವರ ಮಾತು ಬೇಡ. ಹಿಂದೆ ಮುಂದೆ ಆಡುವ ಬ್ಯಾಟರಿ ಗರಗಸಕ್ಕೆ ಮೊಳೆಯನ್ನೂ ಕೊಯ್ಯುವ ಬ್ಲೇಡ್ ಹಾಕಿ, ನಿಲುವುಗಳನ್ನು ನಡುವೆ ಕೊಯ್ದು, ಒಂದೊಂದೇ ತುಂಡನ್ನು ಒಳಕ್ಕೆ ಎಳೆದುಕೊಂಡೆವು. ಕುಲುಮೆಯಲ್ಲಿ ಬಡಿದ ಹಳೆಯ ಚೌಕದ ಮೊಳೆಗಳು ಅಲ್ಲಲ್ಲಿ ಸಿಕ್ಕವು. ವಾಡದ ಮೇಲಿನ ಪಟ್ಟಿ, ಕೆಳಗಿನ ಹೊಸ್ತಿಲು ಎರಡಕ್ಕೂ ಗೋಡೆಯೊಳಗೆ ಹೊಕ್ಕ ಕಿವಿಗಳಿರುತ್ತವೆ. ಅವನ್ನು ಕೀಳಲು ಹೋದರೆ ಮಣ್ಣು ಕಳಚುತ್ತದೆ. ಗೋಡೆಯ ಮಟ್ಟಕ್ಕೆ ಕೊಯ್ದು ಒಳಗೇ ಬಿಟ್ಟೆ. ಮಣ್ಣಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಆ ಹೊನ್ನೆ ಕಿವಿಗಳೇ ಹೊಸ ಹಲಗೆಗೆ ಹಿಡಿತವಾದವು.

ಹೊಸ್ತಿಲಿನ ಸರದಿ ಬಂದಾಗ ಗೌಡರು ತಡವರಿಸಿದರು. ಹೊಸ್ತಿಲು ಕೊಯ್ಯುವುದೆಂದರೆ ಮನೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ. ತಾಯಿಯನ್ನೇ ಕೇಳೋಣ ಎಂದು ಸಿಗ್ನಲ್ ಸಿಗುವ ಗೇಟಿನ ಬಳಿಗೆ ಹೋಗಿ ಫೋನ್ ಮಾಡಿದರು. ಸ್ಪೀಕರಿನಲ್ಲಿ ಅಜ್ಜಿಯ ಧ್ವನಿ ಗಟ್ಟಿಯಾಗಿಯೇ ಇತ್ತು.

"ನಾನು ಅರಿಸಿನ ಕುಂಕುಮ ಇಡುವುದು ಮುಂಬಾಗಿಲಿಗೆ. ಅದನ್ನು ಮುಟ್ಟಬೇಡಿ. ಒಳಗಿನವು ಎರಡೂ ಎಡವುವುದಕ್ಕೆ ಮಾತ್ರ ಇರುವಂಥವು, ಕೊಯ್ದು ಹಾಕಿ. ಆಚಾರ್ರು ಕೇಳಿಸಿಕೊಂಡರೇನು?"

"ಕೇಳಿಸಿತು ದೊಡ್ಡಮ್ಮ" ಎಂದೆ.

ಮೊದಲ ಹೊಸ್ತಿಲನ್ನು ಹುಡುಗನಿಗೆ ಬಿಟ್ಟೆ. ನೆಲದ ಮಟ್ಟಕ್ಕೆ ಮರ ಕೊಯ್ಯಲು ಮಲ್ಟಿಟೂಲಿನಂಥ ಇನ್ನೊಂದಿಲ್ಲ. ಬ್ಲೇಡು ತಿರುಗುವುದಿಲ್ಲ, ಎಡಕ್ಕೂ ಬಲಕ್ಕೂ ಕೆಲವೇ ಡಿಗ್ರಿ ಅದುರುತ್ತದೆ, ಆದರೆ ನಿಮಿಷಕ್ಕೆ ಸಾವಿರಾರು ಸಲ. ನಾನು ಕೋಣೆಯ ಹಲಗೆಗೆ ಅಳತೆ ಹಾಕುತ್ತಿದ್ದೆ. ಮಷೀನಿನ ಸದ್ದು ಬದಲಾದದ್ದು ಕಿವಿಗೆ ಬಿತ್ತು. ಹೋಗಿ ನೋಡಿದರೆ ಹೊಗೆ, ಸುಟ್ಟ ವಾಸನೆ, ಮರದ ಮೇಲೆ ಕಪ್ಪು ಗೆರೆ. ಹೊಸ್ತಿಲಿನ ಕಾಲು ಭಾಗವೂ ಕೊಯ್ದಿರಲಿಲ್ಲ. ಚಾರ್ಜ್ ಎಷ್ಟು ಉಳಿದಿದೆ ಎಂದು ತೋರಿಸುವ ಬ್ಯಾಟರಿಯ ನಾಲ್ಕು ದೀಪಗಳಲ್ಲಿ ಒಂದೇ ಉಳಿದಿತ್ತು. ಬ್ಲೇಡ್ ಬಿಚ್ಚಿ ಉಗುರಿನಲ್ಲಿ ಸವರಿದೆ. ಹಲ್ಲುಗಳೇ ಇರಲಿಲ್ಲ, ಅಜ್ಜಿಯ ಬಾಯಿಯ ಹಾಗೆ. ಮೊಳೆಗೆ ತಗಲಿ ಯಾವಾಗಲೋ ಹೋಗಿದ್ದವು. ಅವನು ಒತ್ತಿದಷ್ಟೂ ಮರ ಕಾಯುತ್ತಿತ್ತೇ ವಿನಾ ಕೊಯ್ಯುತ್ತಿರಲಿಲ್ಲ.

ತಂತಿಯ ಮಷೀನಿನಲ್ಲೂ ಮೊಂಡು ಬ್ಲೇಡು ಇಷ್ಟೇ ವಿದ್ಯುತ್ತು ತಿನ್ನುತ್ತದೆ. ಆದರೆ ಆ ಖರ್ಚು ಮನೆಯವರ ಮೀಟರಿನಲ್ಲಿ ಕಳೆದುಹೋಗುತ್ತದೆ, ಬಡಗಿಗೆ ಕಾಣುವುದಿಲ್ಲ. ಇನ್ನಷ್ಟು ಒತ್ತಿದರೆ ಆಯಿತು ಎಂದುಕೊಂಡು ನಾವು ವರ್ಷಗಟ್ಟಲೆ ಕೆಲಸ ಮಾಡಿದ್ದೇವೆ. ಬ್ಯಾಟರಿಯಲ್ಲಿ ಹಾಗಿಲ್ಲ. ಕಣ್ಣೆದುರಿಗೇ ದೀಪ ಆರುತ್ತದೆ. ಮೊಂಡುತನಕ್ಕೆ ಕೂಡಲೇ ಬಿಲ್ಲು ಬರುತ್ತದೆ, ಅದೂ ನನ್ನ ಹೆಸರಿಗೆ. ನಮ್ಮ ತಂದೆಯ ಕಾಲದಲ್ಲಿ ಗರಗಸ ಮೊಂಡಾದರೆ ತೋಳು ಹೇಳುತ್ತಿತ್ತು. ತಂತಿಯ ಮಷೀನು ಬಂದು ತೋಳಿನ ಬಾಯಿ ಮುಚ್ಚಿಸಿತು. ಈಗ ನಾಲ್ಕು ಹಸಿರು ದೀಪಗಳು ಅದೇ ಮಾತನ್ನು ಹೇಳುತ್ತಿವೆ.

ಆ ಹೊಸ್ತಿಲಿನ ಉಳಿದ ಭಾಗವನ್ನೂ ಎರಡನೆಯ ಹೊಸ್ತಿಲನ್ನೂ ಬೇರೆ ರೀತಿ ಹಿಡಿದೆವು. ಕೈಗರಗಸದಲ್ಲಿ ನಾಲ್ಕಾರು ಕಡೆ ಅಡ್ಡ ಕೊಯ್ತ ಹಾಕಿ, ನಡುವಿನ ಮರವನ್ನು ಉಳಿ, ಕೊಡತಿಯಿಂದ ಸೀಳಿ ಎಬ್ಬಿಸಿದೆವು. ಸಾಣೆ ಹಿಡಿದ ಅಗಲದ ಉಳಿಗೆ ಹೊನ್ನೆ ಚೆನ್ನಾಗಿಯೇ ಸೀಳುತ್ತದೆ. ಕೊನೆಗೆ ಉಳಿದ ಬೆರಳು ದಪ್ಪದ ಮರಕ್ಕೆ ಮಾತ್ರ ಹೊಸ ಬ್ಲೇಡಿನ ಮಲ್ಟಿಟೂಲ್. ಎರಡನೆಯ ಹೊಸ್ತಿಲು ಇಡಿಯಾಗಿ ಮುಗಿದಾಗ ಆರಿದ್ದು ಒಂದು ದೀಪ. ಹುಡುಗ ಏನೂ ಹೇಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಯಾರೂ ಹೇಳದೆ ಸಾಣೆಕಲ್ಲಿಗೆ ನೀರು ಹಾಕಿಕೊಂಡು ಕೂತಿದ್ದ.

ನಾನು ಕೊಂಡ ಮೊದಲ ಬ್ಯಾಟರಿ ಡ್ರಿಲ್ಲು ನಿಕಲ್-ಕ್ಯಾಡ್ಮಿಯಂನದು. ಹತ್ತು ಸ್ಕ್ರೂ ಬಿಗಿದರೆ ಉಸಿರು ಬಿಡುತ್ತಿತ್ತು, ಪೆಟ್ಟಿಗೆಯಲ್ಲಿ ಸುಮ್ಮನೆ ಇಟ್ಟರೂ ಖಾಲಿಯಾಗುತ್ತಿತ್ತು. ತಂತಿಯಿಲ್ಲದ ಡ್ರಿಲ್ಲನ್ನು ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1961ರಲ್ಲೇ ತಂದಿತ್ತಂತೆ. 1971ರಲ್ಲಿ ಅಪೋಲೊ 15ರವರು ಚಂದ್ರನ ನೆಲ ಕೊರೆಯಲು ಒಯ್ದದ್ದೂ ಬ್ಯಾಟರಿಯ ಬೈರಿಗೆಯೇ. ಅದರ ಕೊಳವೆ ನೆಲದಲ್ಲಿ ಕಚ್ಚಿಕೊಂಡು, ಇಬ್ಬರು ಗಗನಯಾತ್ರಿಗಳು ಸೇರಿ ಹೆಣಗಿ ಮೇಲೆತ್ತಬೇಕಾಯಿತು. ತೂತಿನ ಪುಡಿ ಹೊರಗೆ ಬರದಿದ್ದರೆ ಬಿಟ್ ಕಚ್ಚಿಕೊಳ್ಳುವುದು ಹಾನುಬಾಳಿನ ಹೊನ್ನೆಯಲ್ಲೂ ಅಷ್ಟೇ. ನಡುನಡುವೆ ಹೊರಗೆಳೆದು ಪುಡಿ ಉದುರಿಸಬೇಕು. ಲಿಥಿಯಂ-ಅಯಾನ್ ಬ್ಯಾಟರಿಗಳು ಈ ಕಸುಬಿಗೆ ಬಂದದ್ದು 2005ರ ಸುಮಾರಿಗೆ. ನಮ್ಮಂಥವರ ಕೈಗೆ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು ಎನ್ನಿ.

ಚಾರ್ಜಿಂಗಿನದು ಒಂದು ದಿನಚರಿಯೇ ಆಯಿತು. ಸಂಜೆ ಜನರೇಟರ್ ಶುರುವಾಗುವ ಹೊತ್ತಿಗೆ ಎರಡು ಚಾರ್ಜರ್ ಹಿಡಿದು ಪಲ್ಪರ್ ಮನೆಗೆ ಇಳಿಯಬೇಕು. ತೋಟದ ಆಳುಗಳ ಮೊಬೈಲುಗಳ ಸಾಲಿನಲ್ಲಿ ನಮ್ಮದಕ್ಕೂ ಜಾಗ. ಒಂದು ಗಂಟೆಗೆ ಎರಡು ತುಂಬುತ್ತಿದ್ದವು. ಉಳಿದವಕ್ಕೆ ಪಿಕಪ್ಪಿನ ಎಂಜಿನ್ ಓಡಿಸಿ, ಅದರ 12 ವೋಲ್ಟಿಗೆ ಸಣ್ಣ ಇನ್‌ವರ್ಟರ್ ಸಿಕ್ಕಿಸಿದ್ದೆವು. ಬಿಸಿಯಾದ ಬ್ಯಾಟರಿಯನ್ನು ಚಾರ್ಜರ್ ಮುಟ್ಟುವುದಿಲ್ಲ, ತಣಿಯುವವರೆಗೆ ದೀಪ ಮಿಟುಕಿಸುತ್ತಾ ಕಾಯಿಸುತ್ತದೆ. ಏಪ್ರಿಲ್‌ನಲ್ಲಿ ಹಾಸನದ ಶೀಟಿನ ಶೆಡ್ಡಿನೊಳಗೆ ಅದಕ್ಕಾಗಿ ಅರ್ಧ ಗಂಟೆ ಕೂತದ್ದುಂಟು. ಇಲ್ಲಿ ಕಿಟಕಿಯ ಮೇಲೆ ಇಟ್ಟರೆ ಬೀಡಿ ಸೇದುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಮಲೆನಾಡಿನ ಮಳೆ ಮಾಡಿದ ಉಪಕಾರ ಅದೊಂದೇ.

ಸ್ಕ್ರೂ ಬಿಗಿಯುವಾಗ ಇಂಪ್ಯಾಕ್ಟ್ ಡ್ರೈವರ್ ನಿಜಕ್ಕೂ ಕೈ ಉಳಿಸಿತು. ಒಳಗೊಂದು ಪುಟ್ಟ ಸುತ್ತಿಗೆ ಅಡ್ಡಲಾಗಿ ಬಡಿಯುತ್ತದೆ, ಹಾಗಾಗಿ ಮಣಿಕಟ್ಟು ತಿರುಚುವುದಿಲ್ಲ. ಆದರೆ ಹಳೆಯ ಹೊನ್ನೆಗೆ ಹಿತ್ತಾಳೆಯ ಸ್ಕ್ರೂ ಇಟ್ಟು ಅದನ್ನು ಓಡಿಸಿದರೆ ತಲೆ ಮುರಿದು ಕೈಗೆ ಬರುತ್ತದೆ. ಮೊದಲು ತೂತು ಕೊರೆದು, ಸ್ಕ್ರೂವಿಗೆ ಸಾಬೂನು ಸವರಿ, ಕೊನೆಯ ಎರಡು ಸುತ್ತು ಕೈಯಲ್ಲೇ. ಹಲಗೆಯ ಹಿಂದಿನ ಸಂದಿಗೆ ಬೆಣೆ ಬಡಿದು ಸುಣ್ಣದ ಗಾರೆ ತುಂಬಿದೆವು. ಬಚ್ಚಲಿನ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಕೂಡಿಸಿದೆ. ಹಿಂದಿನದು ಒಳಕ್ಕೆ ತೆರೆಯುತ್ತಿತ್ತು. ಅಜ್ಜಿ ಬಿದ್ದ ದಿನ ಅವರ ಮೈ ಅಡ್ಡವಾಗಿ ಬಾಗಿಲು ತೆರೆಯಲು ಗೌಡರಿಗೆ ಎಷ್ಟೋ ಹೊತ್ತು ಹಿಡಿಯಿತಂತೆ. ವಯಸ್ಸಾದವರಿರುವ ಮನೆಯ ಬಚ್ಚಲಿಗೆ ಒಳಕ್ಕೆ ತೆರೆಯುವ ಬಾಗಿಲು ಬೇಡವೇ ಬೇಡ. ಚಿಲಕವೂ ಹೊರಗಿನಿಂದ ತೆಗೆಯಬಹುದಾದದ್ದು. ಕೋಣೆಗೆ ಬಾಗಿಲು ಬೇಡ, ಪರದೆ ಸಾಕು ಎಂಬುದು ಅಜ್ಜಿಯ ಇನ್ನೊಂದು ಫೋನಿನ ತೀರ್ಮಾನ.

ಉಳಿದದ್ದು ಮುಂಬಾಗಿಲು. ಹೊಸ್ತಿಲು ಆರು ಅಂಗುಲ ಎತ್ತರ. ಇಳಿಜಾರಿನ ನಿಯಮ ಒಂದಕ್ಕೆ ಹನ್ನೆರಡು, ಅಂದರೆ ಈ ಕಡೆ ಆರು ಅಡಿ, ಆ ಕಡೆ ಆರು ಅಡಿ. ಜಗಲಿಯಲ್ಲಿ ಆರು ಅಡಿಗೆ ಜಾಗವಿತ್ತು. ಒಳಗೆ ನಾಲ್ಕು ಅಡಿಗೇ ತೊಟ್ಟಿಯ ಕಂಬ ಅಡ್ಡ. ಅಲ್ಲಿ ಕಡಿದಾದ ಇಳಿಜಾರೇ ಗತಿ. ಯಾರಾದರೂ ಕುರ್ಚಿಯನ್ನು ಹಿಂದಿನಿಂದ ಹಿಡಿದುಕೊಂಡೇ ಇಳಿಸಬೇಕು ಎಂದು ಗೌಡರಿಗೆ ಎರಡೆರಡು ಸಲ ಹೇಳಿದೆ. ಸಿಲ್ವರ್ ಓಕ್ ಹಲಗೆಗಳ ಅಡಿಗೆ ತ್ರಿಕೋನದ ಕಾಲು ಕೊಟ್ಟು, ಗಾಲಿ ಜಾರದಂತೆ ಮೇಲೆ ತೆಳ್ಳನೆಯ ರೀಪು ಹೊಡೆದೆವು.

ಅಜ್ಜಿ ಬಂದ ದಿನ ನಾವಿನ್ನೂ ಸಾಮಾನು ಕಟ್ಟುತ್ತಿದ್ದೆವು. ಕುರ್ಚಿ ಹೊಸ್ತಿಲನ್ನು ಹತ್ತಿ ಇಳಿಯಿತು, ಕೋಣೆಯೊಳಗೆ ಹೋಯಿತು, ಬಚ್ಚಲಿನೊಳಗೆ ಹೋಯಿತು, ತಿರುಗಿಯೂ ಬಂತು. ಎಲ್ಲರ ಮುಖ ಅರಳಿತು. ಅಜ್ಜಿ ಮಾತ್ರ ಮುಂಬಾಗಿಲಿನ ಕಡೆಗೇ ನೋಡುತ್ತಿದ್ದರು.

"ಹಲಗೆ ಹೊದಿಸಿಟ್ಟಿದ್ದೀರಲ್ಲ, ನಾಳೆ ಬೆಳಿಗ್ಗೆ ನಾನು ಕುಂಕುಮ ಇಡುವುದು ಎಲ್ಲಿಗೆ?"

ಗೌಡರು ನನ್ನ ಮುಖ ನೋಡಿದರು. ಇಳಿಜಾರನ್ನು ನಡುವೆ ಎರಡು ಮಾಡಿ, ಪ್ರತಿ ಭಾಗಕ್ಕೂ ಹಿಡಿಕೆ ಕೂಡಿಸಿ, ಬೇಕಾದಾಗ ಇಟ್ಟು ಬೇಡವಾದಾಗ ಗೋಡೆಗೆ ಒರಗಿಸುವಂತೆ ಮಾಡಿದರೆ ಆಯಿತು ಎಂದೆ. ಕರೆಂಟ್ ಇನ್ನೂ ಬಂದಿರಲಿಲ್ಲ. ಕಟ್ಟಿದ್ದ ಪೆಟ್ಟಿಗೆ ಬಿಚ್ಚಿ, ಇದ್ದ ಬ್ಯಾಟರಿಗಳಲ್ಲಿ ಹೆಚ್ಚು ದೀಪ ಉಳಿದಿದ್ದುದನ್ನು ಆರಿಸಿದೆ. ಹುಡುಗ ಕಟಿಂಗ್ ಮಷೀನಿಗೆ ಕೇಳದೆಯೇ ಹೊಸ ಬ್ಲೇಡು ಹಾಕಿಕೊಟ್ಟ. ಈ ಹೆಚ್ಚುವರಿ ಕೆಲಸಕ್ಕೆ ಕೂಲಿ ಬೇಡ ಎಂದೆ. ಗೌಡರು ಒಪ್ಪಲಿಲ್ಲ, ಬಿಲ್ಲಿಗೆ ಸೇರಿಸಲೇಬೇಕು ಎಂದರು. ಅಜ್ಜಿ ಒಳಗಿನಿಂದಲೇ, "ಅವರು ಬೇಡವೆಂದರೆ ನೀನು ಯಾಕಪ್ಪ ಒತ್ತಾಯ ಮಾಡುತ್ತೀಯ, ಒಂದು ಚೀಲ ಕಾಫಿಪುಡಿ ಕೊಟ್ಟು ಕಳಿಸು" ಎಂದು ಮಗನನ್ನು ಗದರಿದರು.