ಪೋರ್ಟ್ ಟೌನ್ಸೆಂಡ್‌ನಲ್ಲಿ ಮಾರಾಟಕ್ಕಿದ್ದ ಮರದ ದೋಣಿ

ನಾವು ಹೊರಟಿದ್ದು ಮೂರು ದಿನ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಪರ್ಯಾಯ ದ್ವೀಪ ಸುತ್ತಲು. ಹರಿಕೇನ್ ರಿಡ್ಜ್‌ನಲ್ಲಿ ಹಿಮದ ಬೆಟ್ಟಗಳನ್ನು ನೋಡಿದೆವು. ಹೋ ಮಳೆಕಾಡಿನಲ್ಲಿ ಪಾಚಿ ಹೊದ್ದ ಮರಗಳ ಕೆಳಗೆ ನಡೆದೆವು. ಎರಡೂ ಚೆನ್ನಾಗಿದ್ದವು, ಫೋಟೋಗಳೂ ಬೇಕಾದಷ್ಟಿವೆ. ಆದರೆ ನಾನು ಬರೆಯಲು ಕೂತಿರುವುದು ಮೊದಲ ದಿನ ಒಂದು ದೋಣಿಯ ಮೇಲೆ ಕಳೆದ ಮೂರು ಗಂಟೆಯ ಬಗ್ಗೆ.

ಗಂಗೊಳ್ಳಿಯಿಂದ ಅಪ್ಪಯ್ಯ ಬೇಸಿಗೆಗೆ ಬಂದಿದ್ದರು. ನಾನಿರುವುದು ಸಿಯಾಟಲ್ ಹತ್ತಿರದ ಬಾತೆಲ್‌ನಲ್ಲಿ. ಎರಡು ವರ್ಷದಿಂದ ಹಾಯಿ ಕಟ್ಟುವುದು, ಬಿಡುವುದು ಕಲಿಯುತ್ತಿದ್ದೇನೆ. ಸ್ವಂತ ದೋಣಿ ಬೇಕು, ಅದೂ ಮರದ್ದೇ ಬೇಕು ಅನ್ನುವ ಆಸೆ ತಲೆಯಲ್ಲಿ ಕೂತಿತ್ತು. ಬಂದರಿನಲ್ಲಿ ಸಾಲಾಗಿ ನಿಲ್ಲುವ ಬಿಳಿ ಫೈಬರ್ ದೋಣಿಗಳು ನನಗೆ ಯಾವತ್ತೂ ಹಿಡಿಸಿಲ್ಲ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅಂಥ ಹೊತ್ತಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. 30 ಅಡಿಯ ತಾಹಿತಿ ಕೆಚ್, ಅಂದರೆ ಎರಡು ಕಂಬದ ಹಾಯಿದೋಣಿ, ಮರದ್ದು, ಪೋರ್ಟ್ ಟೌನ್ಸೆಂಡ್‌ನಲ್ಲಿ ಮಾರಾಟಕ್ಕಿದೆ. ಬೆಲೆ ನನ್ನ ಕಾರಿನ ಅರ್ಧದಷ್ಟೂ ಇರಲಿಲ್ಲ. ಫೋನ್ ಮಾಡಿದೆ. ಶುಕ್ರವಾರ ಹನ್ನೊಂದಕ್ಕೆ ಬನ್ನಿ ಅಂದರು.

ನಾವು ತಲುಪಿದ್ದು ಹನ್ನೆರಡಕ್ಕೆ. ಎಡ್ಮಂಡ್ಸ್‌ನಿಂದ ಕಿಂಗ್‌ಸ್ಟನ್‌ಗೆ ಫೆರ್ರಿಯಲ್ಲಿ ಅರ್ಧ ಗಂಟೆ, ಅದು ಸಲೀಸಾಗಿಯೇ ಆಯಿತು. ಸಿಕ್ಕಿಹಾಕಿಕೊಂಡಿದ್ದು ಹುಡ್ ಕೆನಾಲ್ ಸೇತುವೆಯಲ್ಲಿ. ಇದು ತೇಲುವ ಸೇತುವೆ. ಹಡಗು ಬಂದರೆ ನಡುವಿನ ಭಾಗ ಸರಿದು ದಾರಿ ಬಿಡುತ್ತದೆ. ಅವತ್ತು ನೌಕಾಪಡೆಯ ಜಲಾಂತರ್ಗಾಮಿ ಬಂತು. ಐವತ್ತು ನಿಮಿಷ ಕಾರುಗಳೆಲ್ಲ ನಿಂತಲ್ಲೇ ನಿಂತವು. ನನಗೆ ಹೊಟ್ಟೆಯಲ್ಲಿ ಸಂಕಟ, ಅಲ್ಲಿ ಕಾಯುತ್ತಿರುವವರು ಏನೆಂದುಕೊಂಡಾರು ಅಂತ. ಅಪ್ಪಯ್ಯನಿಗೆ ಮಾತ್ರ ಖುಷಿ. ಇಷ್ಟು ದೊಡ್ಡ ಸೇತುವೆ ಉಪ್ಪು ನೀರಿನ ಮೇಲೆ ತೇಲುತ್ತದೆ ಅಂದರೆ ಅವರಿಗೆ ನಂಬಲೇ ಆಗಲಿಲ್ಲ. 1961ರಲ್ಲಿ ಕಟ್ಟಿದ್ದು, 1979ರ ಫೆಬ್ರವರಿಯ ಬಿರುಗಾಳಿಗೆ ಪಶ್ಚಿಮದ ಅರ್ಧ ಮುಳುಗಿ ಹೋಗಿತ್ತು, ಮತ್ತೆ ಕಟ್ಟಿದರು ಅಂತ ಹೇಳಿದೆ. "ಮುಳುಗ್ದೆ ಇರ್ತದಾ ಮತ್ತೆ" ಅಂದರು. ಆ ಕಡೆ ಹೋಗುವವರು ಒಂದು ಗಂಟೆ ಜಾಸ್ತಿ ಇಟ್ಟುಕೊಂಡೇ ಹೊರಡಿ. ನೀರು, ತಿಂಡಿ ಕಾರಿನಲ್ಲಿರಲಿ. ವಯಸ್ಸಾದವರು ಜೊತೆಗಿದ್ದರೆ ಕಿಂಗ್‌ಸ್ಟನ್‌ನಲ್ಲೇ ಶೌಚಾಲಯಕ್ಕೆ ಹೋಗಿಬನ್ನಿ, ಸೇತುವೆಯ ಸಾಲಿನಲ್ಲಿ ಸಿಕ್ಕಿಕೊಂಡರೆ ಎಲ್ಲೂ ದಾರಿಯಿಲ್ಲ.

ಪೋರ್ಟ್ ಟೌನ್ಸೆಂಡ್ ಹಳೆಯ ಇಟ್ಟಿಗೆ ಕಟ್ಟಡಗಳ ಊರು. ರೈಲು ಬರುತ್ತದೆ ಅಂತ ನಂಬಿ 1880ರ ದಶಕದಲ್ಲಿ ದೊಡ್ಡ ದೊಡ್ಡ ಕಟ್ಟಡ ಎಬ್ಬಿಸಿದರು. ರೈಲು ಬರಲಿಲ್ಲ, ದುಡ್ಡು ಹೋಯಿತು, ಕೆಡವಿ ಹೊಸದು ಕಟ್ಟುವವರೂ ಇಲ್ಲದೆ ಕಟ್ಟಡಗಳು ಉಳಿದವು. ಈಗ ಅದು ಮರದ ದೋಣಿಗಳ ಊರು. 1977ರಿಂದ ಸೆಪ್ಟೆಂಬರ್‌ನಲ್ಲಿ ಮರದ ದೋಣಿಗಳ ಹಬ್ಬ ನಡೆಯುತ್ತದೆ. ಪಕ್ಕದ ಪೋರ್ಟ್ ಹ್ಯಾಡ್ಲಾಕ್‌ನಲ್ಲಿ ಮರದ ದೋಣಿ ಕಟ್ಟಲು ಕಲಿಸುವ ಶಾಲೆಯೇ ಇದೆ. ಕಾರಿನಿಂದ ಇಳಿದ ಕೂಡಲೇ ಅಪ್ಪಯ್ಯ ಮೂಗು ಅರಳಿಸಿದರು. ಡಾಂಬರು, ವಾರ್ನಿಶ್, ಸೀದ ಮರದ ಪುಡಿ. ಅಮೆರಿಕಕ್ಕೆ ಬಂದು ಒಂದು ತಿಂಗಳಲ್ಲಿ ಅವರಿಗೆ ಗೊತ್ತಿರುವ ವಾಸನೆ ಸಿಕ್ಕಿದ್ದು ಅದೇ ಮೊದಲು.

ದೋಣಿಯ ಒಡತಿ ಎಪ್ಪತ್ತು ದಾಟಿದವರು. ಹಲಗೆಗಟ್ಟೆಯ ಮೇಲೆ ಮಡಚುವ ಕುರ್ಚಿ ಹಾಕಿ ಕೂತಿದ್ದರು. ತಡವಾಯಿತು, ಕ್ಷಮಿಸಿ ಅಂದೆ. "ಸೇತುವೆ ತಾನೇ?" ಅಂದರು, ಅಷ್ಟೇ. ಅಪ್ಪಯ್ಯ ಅವರನ್ನು ಅಮ್ಮ ಅಂತ ಕರೆದರು. ನಾನೂ ಹಾಗೇ ಬರೆಯುತ್ತೇನೆ.

ಹತ್ತುವ ಮೊದಲು ಅಪ್ಪಯ್ಯ ಚಪ್ಪಲಿ ಬಿಟ್ಟರು. ದೋಣಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವರು ಹಾಗೆ ಮಾಡುವುದನ್ನು ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದೇನೆ, ಆದರೆ ಅಲ್ಲಿ ನೋಡಿ ಗಂಟಲು ಕಟ್ಟಿತು. ಅಮ್ಮ ಕುರ್ಚಿಯಿಂದ ಎದ್ದು ನಿಂತರು.

ಈ ತಾಹಿತಿ ಕೆಚ್ ಅನ್ನುವುದು ಫ್ಲೋರಿಡಾದ ಜಾನ್ ಹ್ಯಾನಾ ಎಂಬುವರ ನಕ್ಷೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಜನರಿಗೆ ಕೆಲಸವಿರಲಿಲ್ಲ. ಆಗ ನಕ್ಷೆ ಪತ್ರಿಕೆಯಲ್ಲಿ ಅಚ್ಚಾಯಿತು. ದೋಣಿ ಕಟ್ಟಿ ಗೊತ್ತಿಲ್ಲದವರೂ ಹಿತ್ತಿಲಲ್ಲಿ ಕಟ್ಟಲು ಶುರುಮಾಡಿದರು. ಮೂವತ್ತಡಿ ಉದ್ದ, ಹತ್ತಡಿ ಅಗಲ, ಹಾಯಿ ಕಟ್ಟುವ ಎರಡು ಕೂವೆಮರ. ಮುಂದಿನದು ಎತ್ತರ, ಹಿಂದಿನದು ಗಿಡ್ಡ. ವೇಗವಾಗಿ ಓಡುವ ದೋಣಿಯಲ್ಲ, ಆದರೆ ದೊಡ್ಡ ಸಮುದ್ರಕ್ಕೆ ಹೆದರುವುದಿಲ್ಲ. ಹಿಂದೆ ಮುಂದೆ ಎರಡೂ ಕಡೆ ಚೂಪು. "ನಮ್ಮ ಪಾತಿ ದೋಣಿ ಕಂಡ ಹಾಂಗೆ" ಅಂದರು ಅಪ್ಪಯ್ಯ.

ನಾನು ಎಂಜಿನ್ ಎಷ್ಟು ಗಂಟೆ ಓಡಿದೆ, ಹಾಯಿ ಯಾವಾಗ ಹೊಲಿಸಿದ್ದು ಅಂತ ಬರೆದುಕೊಂಡು ಹೋಗಿದ್ದ ಪ್ರಶ್ನೆ ತೆಗೆದೆ. ಅಮ್ಮ ಕೈ ಅಡ್ಡ ಹಿಡಿದರು. "ಮೊದಲು ನಾನು ಕೇಳುತ್ತೇನೆ. ವಾರಕ್ಕೆ ಎಷ್ಟು ಗಂಟೆ ಇದರ ಜೊತೆ ಇರುತ್ತೀರಿ?"

ಶನಿವಾರ ಪೂರ್ತಿ ಬರಬಹುದು ಅಂದೆ.

"ಪ್ರತಿ ಶನಿವಾರ?"

ತಿಂಗಳಿಗೆ ಎರಡು ಅಂದೆ. ಅವರು ಏನೂ ಹೇಳಲಿಲ್ಲ. ಅಪ್ಪಯ್ಯ ನನ್ನ ಮುಖ ನೋಡಿದರು, "ಎಂತ ಕೇಂಡ್ರ್?" ಅಂದರು. ಹೇಳಿದೆ. ಅವರೂ ಏನೂ ಹೇಳಲಿಲ್ಲ. ಆಮೇಲಿನ ಮಾತೆಲ್ಲ ಅವರಿಬ್ಬರದೇ. ನಡುವೆ ನಿಂತು ಅದನ್ನು ಇದನ್ನು ದಾಟಿಸುವುದಷ್ಟೇ ನನ್ನ ಕೆಲಸವಾಯಿತು.

ಎಂತ ಮರ ಅಂತ ಅಪ್ಪಯ್ಯ ಕೇಳಿದರು. ಹಲಗೆ ಡಗ್ಲಸ್ ಫರ್, ಪಕ್ಕೆಲುಬು ಓಕ್, ಮೊಳೆ ಕಂಚಿನದು ಅಂದರು ಅಮ್ಮ. ನಿಮ್ಮಲ್ಲಿ? ಹೆಬ್ಬಲಸು ಅಂದರು ಅಪ್ಪಯ್ಯ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಬಾರದೆ, ಹಲಸಿನ ಕಾಡು ತಮ್ಮ ಅಂದೆ. ನೀರು ಬರದ ಹಾಗೆ ಹಲಗೆಗಳ ಸಂದಿಗೆ ಏನು ಹೊಡೆಯುತ್ತೀರಿ? ಹತ್ತಿ. ನಾವೂ ಹತ್ತಿಯೇ. ಮೇಲೆ ಏನು ಬಳಿಯುತ್ತೀರಿ? ನಾವು ಮೀನೆಣ್ಣೆ. ಅಮ್ಮ ಜೋರಾಗಿ ನಕ್ಕರು, ಬಂದರಿನ ಬೆಕ್ಕುಗಳೆಲ್ಲ ಬರುತ್ತವೆ ಅಂದರು.

ಮಳೆಗಾಲದಲ್ಲಿ ಏನು ಮಾಡುತ್ತೀರಿ ಅಂತ ಅವರು ಕೇಳಿದ್ದಕ್ಕೆ ಅಪ್ಪಯ್ಯ ಕೈಯಲ್ಲೇ ತೋರಿಸಿದರು. ದೋಣಿ ದಡಕ್ಕೆ ಎಳೆದು, ಮೇಲೆ ತೆಂಗಿನ ಮಡಲಿನ ಮಾಡು ಕಟ್ಟುವುದು. ಉಪ್ಪು ನೀರು ಮರವನ್ನು ಕಾಯುತ್ತದೆ, ಕೊಳೆಸುವುದು ಮಳೆ ನೀರು. ಅಮ್ಮ ತಲೆಯಾಡಿಸುತ್ತಲೇ ಇದ್ದರು. ಅವರೂ ದಿನಾ ಬೆಳಿಗ್ಗೆ ಬಕೆಟ್‌ನಲ್ಲಿ ಸಮುದ್ರದ ನೀರು ಎತ್ತಿ ಅಟ್ಟೆಯ, ಅಂದರೆ ದೋಣಿಯ ಮೇಲ್ಹಾಸಿನ, ಮೇಲೆ ಸುರಿಯುತ್ತಾರಂತೆ. ಚಳಿಗಾಲಕ್ಕೆ ಕ್ಯಾನ್ವಾಸ್ ಹೊದಿಸುತ್ತಾರೆ. ಗಂಡ ಹೆಂಡತಿ ಸೇರಿ 31 ವರ್ಷ ಅದನ್ನು ನೋಡಿಕೊಂಡಿದ್ದಾರೆ, ಅಲಾಸ್ಕಾ ತನಕ ಹೋಗಿ ಬಂದಿದ್ದಾರೆ. ಗಂಡ ತೀರಿಕೊಂಡು ಎರಡು ವರ್ಷ. ಈಗ ಅವರ ಮಂಡಿ ಬಗ್ಗುವುದಿಲ್ಲ.

"ನಿಮ್ಮ ದೋಣಿ ಏನಾಯಿತು?" ಅಂತ ಅಮ್ಮ ಕೇಳಿದರು.

ಇದನ್ನು ನಾನು ಯಾವತ್ತೂ ಅಪ್ಪಯ್ಯನನ್ನು ಕೇಳಿರಲಿಲ್ಲ. ಅಜ್ಜನಿಗೆ ಒಂದು ಮಂಜಿ, ಅಂದರೆ ಸರಕು ಸಾಗಿಸುವ ದೊಡ್ಡ ದೋಣಿ, ಇತ್ತು, ಹೆಂಚು ತುಂಬಿಕೊಂಡು ಬೊಂಬಾಯಿ ಕಡೆ ಹೋಗುತ್ತಿತ್ತು ಅನ್ನುವುದಷ್ಟೇ ಗೊತ್ತಿತ್ತು. ಅಪ್ಪಯ್ಯ ನಿಧಾನವಾಗಿ ಹೇಳಿದರು. ಲಾರಿ ಬಂದ ಮೇಲೆ ಮಂಜಿಗೆ ಬಾಡಿಗೆ ಸಿಗಲಿಲ್ಲ. ಪಂಚಗಂಗಾವಳಿ ಹೊಳೆಯ ದಡಕ್ಕೆ ಎಳೆದು ಇಟ್ಟರು. ಎರಡು ವರ್ಷ ಮಾಡು ಕಟ್ಟಿದರು. ಮೂರನೇ ವರ್ಷ ಅಜ್ಜ ಮಲಗಿದರು, ಕಟ್ಟುವವರಿರಲಿಲ್ಲ. ಅಪ್ಪಯ್ಯ ಆಗ ಕೆಲಸಕ್ಕೆ ಅಂತ ಹುಬ್ಬಳ್ಳಿಯಲ್ಲಿದ್ದರು. ಒಂದೇ ಮಳೆಗಾಲಕ್ಕೆ ಅಟ್ಟೆ ಮೆತ್ತಗಾಯಿತು. ಆಮೇಲೆ ಹಲಗೆ ಕಿತ್ತು ಮಾರಿದರು. ಉಳಿದದ್ದು ನಮ್ಮ ದನದ ಹಟ್ಟಿಯ ಬಾಗಿಲಾಯಿತು.

ಹಟ್ಟಿಯ ಬಾಗಿಲು ನನಗೆ ಗೊತ್ತು. ಬೇಸಿಗೆ ರಜೆಯಲ್ಲಿ ಅದರ ಮೇಲೆ ಹತ್ತಿ ತೂಗಾಡುತ್ತಿದ್ದೆ. ಅದರಲ್ಲಿ ಸಾಲಾಗಿ ತೂತುಗಳಿದ್ದವು. ಮೊಳೆಯ ತೂತು ಅಂತ ಅವತ್ತು ಗೊತ್ತಾಯಿತು. ಅದನ್ನೆಲ್ಲ ಇಂಗ್ಲಿಷಿಗೆ ತರುವಾಗ ನನ್ನ ದನಿ ಎರಡು ಸಲ ನಿಂತಿತು. ಅಮ್ಮ ಅವಸರ ಮಾಡಲಿಲ್ಲ.

ಆಮೇಲೆ ಅವರು ಒಳಗಿನಿಂದ ಒಂದು ಸಣ್ಣ ಸುತ್ತಿಗೆ ತಂದು ಅಪ್ಪಯ್ಯನ ಕೈಗೆ ಕೊಟ್ಟರು. ಮರದ ದೋಣಿ ಪರೀಕ್ಷೆ ಮಾಡುವವರು ಬಡಿದೇ ನೋಡುತ್ತಾರೆ. ಗಟ್ಟಿ ಮರ ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಅಪ್ಪಯ್ಯ ಮುಂದಿನಿಂದ ಶುರುಮಾಡಿದರು. ಗೇಣಿಗೊಂದು ಪೆಟ್ಟು. ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕೇಳುವುದು. ತಳದ ನೀರು ನಿಲ್ಲುವ ಜಾಗಕ್ಕೂ ಇಳಿದರು, ಅಲ್ಲಿ ಒಂದು ಲೋಟದಷ್ಟು ನೀರಿತ್ತು. ಬೆರಳದ್ದಿ ನಾಲಿಗೆಗೆ ಇಟ್ಟು "ಉಪ್ಪು" ಅಂದರು. ಇಬ್ಬರಿಗೂ ಸಮಾಧಾನವಾಯಿತು. ಅರ್ಧ ಗಂಟೆ ಟಣ್ ಟಣ್ ಬಿಟ್ಟರೆ ಬೇರೆ ಮಾತಿಲ್ಲ.

ಹಿಂದಿನ ಗಿಡ್ಡ ಕೂವೆಮರದ ಬುಡದಲ್ಲಿ, ಎಡಗಡೆ, ಸದ್ದು ಬದಲಾಯಿತು. ಮತ್ತೆ ಬಡಿದರು. ನನಗೂ ಕೇಳಿಸಿತು. ಅಟ್ಟೆಯ ಕೆಳಗೆ ಕೈ ಹಾಕಿ ತೊಲೆ ಮುಟ್ಟಿ ನೋಡಿದರು, ಉಗುರು ಒಳಕ್ಕೆ ಹೋಯಿತು.

ಅಲ್ಲೇ ಅವರು ನನ್ನನ್ನು ಪಕ್ಕಕ್ಕೆ ಕರೆದರು. "ದೋಣಿ ಒಳ್ಳೇದ್ ಮಗಾ. ಇದೊಂದ್ ಜಾಗ ಬಿಟ್ರೆ ಎಂತ ತೊಂದ್ರಿ ಇಲ್ಲ. ಆದ್ರೆ ನೀನ್ ತಕಣ್ಬೇಡ." ಯಾಕೆ ಅಂತ ಕೇಳಬೇಕಾದ್ದಿರಲಿಲ್ಲ. ತಿಂಗಳಿಗೆ ಎರಡು ಶನಿವಾರ. ಆದರೂ ನಾನು ಎರಡು ನಿಮಿಷ ಸುಮ್ನೆ ನಿಂತೆ. ಆ ದೋಣಿಯ ಚುಕ್ಕಾಣಿಯ ಹಿಡಿ ಕೈಗೆ ಎಷ್ಟು ಚೆನ್ನಾಗಿ ಕೂರುತ್ತಿತ್ತು ಗೊತ್ತಾ? ಮೂವತ್ತು ವರ್ಷ ಎರಡು ಜೊತೆ ಕೈ ಉಜ್ಜಿ ಉಜ್ಜಿ ಬೆಣ್ಣೆಯಂತಾಗಿತ್ತು.

ತೆಗೆದುಕೊಳ್ಳುವುದಿಲ್ಲ ಅಂತ ಅಮ್ಮನಿಗೆ ಹೇಳಿದೆ. ಹೇಳಿದ ಮೇಲೆ ಅಪ್ಪಯ್ಯ ಅವರನ್ನು ಕರೆದು ಮೆತ್ತಗಾದ ಜಾಗ ತೋರಿಸಿದರು. ಕೊಳ್ಳುವವರಾಗಿದ್ದರೆ ಬೆಲೆ ಇಳಿಸಲು ಅದೊಂದು ಸಾಕಿತ್ತು. ಅಮ್ಮ ಕಷ್ಟಪಟ್ಟು ಬಗ್ಗಿ, ತಾವೇ ಬೆರಳಿಟ್ಟು ನೋಡಿದರು. ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದರು. ಆಮೇಲೆ ಒಳಗಿನಿಂದ ದಪ್ಪ ನೋಟ್‌ಬುಕ್ ತಂದರು. ದೋಣಿಗೆ ಏನೇನು ಮಾಡಿಸಿದರು ಅನ್ನುವುದೆಲ್ಲ ಅದರಲ್ಲಿದೆ, ಮುಕ್ಕಾಲು ಪಾಲು ಗಂಡನ ಅಕ್ಷರ. ಆವತ್ತಿನ ತಾರೀಕು ಹಾಕಿ, ಹಿಂದಿನ ಕೂವೆಮರದ ಹತ್ತಿರ ಎಡಗಡೆ ತೊಲೆ ಮೆತ್ತಗಿದೆ, ಕಂಡುಹಿಡಿದವರು ಗಂಗೊಳ್ಳಿಯ ಒಬ್ಬರು ಅಂತ ಬರೆದರು. ಗಂಗೊಳ್ಳಿಗೆ ಯಾವ ಯಾವ ಅಕ್ಷರ ಅಂತ ಕೇಳಿ ಬರೆದುಕೊಂಡರು. ಇದು ಸರಿಯಾಗುವ ತನಕ ಯಾರಿಗೂ ಕೊಡುವುದಿಲ್ಲ ಅಂದರು.

ಊರಿನಲ್ಲಿ ಊಟಕ್ಕೆ ಹೋದೆವು. ಕ್ಲ್ಯಾಮ್ ಚೌಡರ್ ಚೆನ್ನಾಗಿತ್ತು, ಕೇಳಿ ಇನ್ನೊಂದು ಬಟ್ಟಲು ತರಿಸಿದೆ. ಅಪ್ಪಯ್ಯನಿಗೆ ಅಲ್ಲಿನ ಹುರಿದ ಮೀನು ಹಿಡಿಸಲಿಲ್ಲ. ಖಾರವಿಲ್ಲ, ಹುಳಿಯಿಲ್ಲ, ಮೀನಿಗೆ ಅನ್ಯಾಯ ಅಂದರು. ನನಗೂ ಹಾಗೇ ಅನಿಸಿತು.

ನೀವು ಯಾರಾದರೂ ಇಂಥ ದೋಣಿ ಕೊಳ್ಳುವ ಯೋಚನೆಯಲ್ಲಿದ್ದರೆ, ಬೆಲೆ ಕಡಿಮೆ ಅಂತ ಓಡಬೇಡಿ. ಬಂದರಿನ ಬಾಡಿಗೆ, ವರ್ಷ ವರ್ಷ ಮೇಲೆತ್ತಿಸಿ ತಳಕ್ಕೆ ಬಣ್ಣ ಹೊಡೆಸುವುದು, ವಿಮೆಗೆ ಮೊದಲು ಪರೀಕ್ಷೆ ಮಾಡಿಸುವುದು, ಇವನ್ನೆಲ್ಲ ಮೊದಲೇ ಕೇಳಿ. ಗೊತ್ತಿರುವವರನ್ನು ಕರೆದುಕೊಂಡು ಹೋಗಿ.

ಭಾನುವಾರ ವಾಪಸ್ ಬರುವಾಗ ಅಪ್ಪಯ್ಯ ಮತ್ತೆ ಆ ಬಂದರಿಗೆ ಹೋಗೋಣ ಅಂದರು. ದಾರಿ ಸುತ್ತಾಗುತ್ತದೆ ಅಂದೆ, ಆಗಲಿ ಅಂದರು. ಅಮ್ಮ ಇರಲಿಲ್ಲ. ಗಿಡ್ಡ ಕೂವೆಮರದ ಬುಡದಲ್ಲಿ ಎರಡು ಹಲಗೆ ಆಗಲೇ ಎಬ್ಬಿಸಿದ್ದರು, ಮಳೆ ಬೀಳದ ಹಾಗೆ ಮೇಲೆ ನೀಲಿ ಟಾರ್ಪಾಲು ಬಿಗಿದಿತ್ತು. ಅಪ್ಪಯ್ಯ ಟಾರ್ಪಾಲಿನ ಗಂಟು ಒಂದೊಂದಾಗಿ ಮುಟ್ಟಿ ನೋಡಿದರು. ಒಂದು ಸಡಿಲವಾಗಿತ್ತು, ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಹಗ್ಗಕ್ಕೆ ಕಟ್ಟಿದ್ದ ಮಾರಾಟದ ಫಲಕ ಇದ್ದ ಜಾಗಕ್ಕೆ ಬೆರಳು ತೋರಿಸಿದರು.

"ಬೋರ್ಡ್ ತೆಗ್ದಿರ್ ಕಾಣ್."