ಸೋಗಾನೆಯ ಮೇಲೆ ಹೊಳವಿಗೆ ಕಾದಿದ್ದು

ವಿಮಾನದ ಚಕ್ರ ಕೆಳಗೆ ಬಂದಾಗಿತ್ತು. ಕಿಟಕಿಯಲ್ಲಿ ಕೆಂಪು ಮಣ್ಣಿನ ದಾರಿ, ಅದರ ಮೇಲೆ ಹೆಡ್‌ಲೈಟ್ ಹಾಕಿಕೊಂಡು ಹೋಗುತ್ತಿದ್ದ ಒಂದು ಟೆಂಪೊ ಕಾಣಿಸಿತು. ಇನ್ನೇನು ಇಳಿದೆವು ಅಂದುಕೊಂಡೆ. ಅಷ್ಟರಲ್ಲಿ ಎಂಜಿನ್ ಒಮ್ಮೆಲೇ ಅಬ್ಬರಿಸಿತು. ಬೆನ್ನು ಸೀಟಿಗೆ ಒತ್ತಿಕೊಂಡಿತು. ಟೆಂಪೊ ಮಾಯವಾಯಿತು, ಕಿಟಕಿ ತುಂಬಾ ಬರೀ ಬಿಳಿ. ಹಿಂದಿನ ಸಾಲಿನಲ್ಲಿ ಒಬ್ಬರು ಜೋರಾಗಿ ‘ಮಂಜುನಾಥಾ’ ಎಂದು ಕೂಗಿದರು. ಒಂದು ಮಗು ಅಳಲು ಶುರು ಮಾಡಿತು. ಆಮೇಲೆ ಎಷ್ಟೋ ಹೊತ್ತು ಯಾರೂ ಏನೂ ಹೇಳಲಿಲ್ಲ.

ಜುಲೈ ಕೊನೆಯ ವಾರ. ತೀರ್ಥಹಳ್ಳಿಯಲ್ಲಿ ಅಕ್ಕನ ಮಗಳ ಸೀಮಂತ ಇತ್ತು. ನಾನು ಯಾವಾಗಲೂ ರೈಲಿಗೇ ಹೋಗುವವಳು. ಬೆಂಗಳೂರಿಂದ ಶಿವಮೊಗ್ಗಕ್ಕೆ ರೈಲಿನಲ್ಲಿ ಐದು ಗಂಟೆ ಅಂದರೆ ನನಗೆ ಜಾಸ್ತಿ ಅನಿಸಿದ್ದೇ ಇಲ್ಲ. ಅರಸೀಕೆರೆ ದಾಟಿ ಬೀರೂರು ಬಂದ ಮೇಲೆ ಹೊರಗಿನ ಬಣ್ಣ ಬದಲಾಗುವುದನ್ನು ನೋಡುವುದೇ ಒಂದು ಸುಖ. ಈ ಸಲ ಆಫೀಸಿನಲ್ಲಿ ರಜೆ ಕಡಿಮೆ ಸಿಕ್ಕಿತು. ವಿಮಾನದಲ್ಲಿ ಒಂದೇ ಗಂಟೆ. ಶಿವಮೊಗ್ಗದ ವಿಮಾನ ನಿಲ್ದಾಣ ಇರುವ ಸೋಗಾನೆಗೆ ವಿಮಾನ ಬರಲು ಶುರುವಾಗಿದ್ದು 2023ರ ಆಗಸ್ಟ್ 31ಕ್ಕೆ. ಅಂದಿನಿಂದ ಒಮ್ಮೆ ಹೋಗಬೇಕು ಅಂತ ಆಸೆಯೂ ಇತ್ತು. ಕುವೆಂಪು ಅವರ ಹೆಸರಿನ ನಿಲ್ದಾಣದಲ್ಲಿ ಇಳಿಯುವುದು ಅಂದರೆ ನಮ್ಮ ಕಡೆಯವರಿಗೆ ಏನೋ ಒಂದು ಹೆಮ್ಮೆ, ಅಲ್ವಾ?

ಸಣ್ಣ ವಿಮಾನ, ಎಟಿಆರ್. ಹಿಂದಿನ ಬಾಗಿಲಿಂದ ಹತ್ತಬೇಕು. ರೆಕ್ಕೆ ಮೇಲೆ ಇರುವುದರಿಂದ ಕೆಳಗಿನ ನೆಲ ಚೆನ್ನಾಗಿ ಕಾಣುತ್ತದೆ. ಒಂದೊಂದು ಎಂಜಿನ್‌ಗೆ ಆರು ಎಲೆಯ ದೊಡ್ಡ ಫ್ಯಾನು. ಎರಡೆರಡೇ ಸೀಟು. ನನ್ನದು ದಾರಿಯ ಕಡೆ. ಕಿಟಕಿ ಪಕ್ಕ ಒಬ್ಬ ಯಜಮಾನರು ಕೂತಿದ್ದರು. ಬಿಳಿ ಅಂಗಿ, ಬಿಳಿ ಪಂಚೆ, ಮಡಿಲಲ್ಲಿ ಬಟ್ಟೆಯ ಕೈಚೀಲ. ಬೆಲ್ಟ್ ಹಾಕಲು ಗೊತ್ತಾಗದೆ ಎರಡು ತುದಿ ಹಿಡಿದುಕೊಂಡಿದ್ದರು. ನಾನು ಹಾಕಿಕೊಟ್ಟೆ. ಅಷ್ಟೇ ಪರಿಚಯ.

ಕಡೂರು ದಾಟಿರಬೇಕು, ಕುಲುಕಾಟ ಶುರುವಾಯಿತು. ಘಾಟಿಯ ಬಸ್ಸಿನ ಹಾಗೆ ಅಲ್ಲ. ಬಸ್ಸು ಕುಲುಕಿದರೆ ಕೆಳಗೆ ರಸ್ತೆ ಇದೆ ಎಂದು ಮೈಗೆ ಗೊತ್ತಿರುತ್ತದೆ. ಇಲ್ಲಿ ಒಂದು ಕ್ಷಣ ಕೆಳಗೆ ಏನೂ ಇಲ್ಲ, ಹೊಟ್ಟೆ ಗಂಟಲಿಗೆ ಬಂತು. ಮರುಕ್ಷಣ ಯಾರೋ ಕೆಳಗಿಂದ ಗುದ್ದಿದಂತೆ. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ. ಅದು ಹಾರಿ ಪಕ್ಕದವರ ಮೊಣಕೈಗೆ ಬಡಿಯಿತು. ಗಗನಸಖಿಯರೂ ಹೋಗಿ ಕೂತು ಬೆಲ್ಟ್ ಬಿಗಿದುಕೊಂಡರು. ಅವರು ಕೂತದ್ದನ್ನು ನೋಡಿಯೇ ನನಗೆ ಅರ್ಧ ಜೀವ ಹೋಯಿತು. ಅದಾದ ಮೇಲೆ ನಾನು ಮೊದಲು ಹೇಳಿದ್ದು ನಡೆಯಿತು: ಚಕ್ರ, ಕೆಂಪು ದಾರಿ, ಟೆಂಪೊ, ಅಬ್ಬರ.

ಪೈಲಟ್ ಮಾತಾಡಿದ್ದು ಐದಾರು ನಿಮಿಷದ ನಂತರ. ಆ ಮೌನದಷ್ಟು ಹೆದರಿಸಿದ್ದು ನನಗೆ ಇನ್ಯಾವುದೂ ಇಲ್ಲ. ಆಮೇಲೆ ಓದಿ ತಿಳಿದುಕೊಂಡೆ: ಪೈಲಟ್‌ಗಳಿಗೆ ಕಲಿಸುವುದೇ ಆ ಕ್ರಮದಲ್ಲಿ. ಮೊದಲು ವಿಮಾನ ಹಾರಿಸು, ಆಮೇಲೆ ದಿಕ್ಕು ನೋಡು, ಕೊನೆಗೆ ಮಾತು. ಮೇಲೆ ಏರುವಾಗ ಎಂಜಿನ್‌ಗೆ ಪೂರ್ತಿ ಶಕ್ತಿ ಕೊಡಬೇಕು, ಚಕ್ರ ಒಳಗೆ ಎಳೆದುಕೊಳ್ಳಬೇಕು, ರೆಕ್ಕೆಯ ಫ್ಲ್ಯಾಪ್ ಸರಿಪಡಿಸಬೇಕು, ನಿಲ್ದಾಣದವರಿಗೆ ತಿಳಿಸಬೇಕು. ನಮ್ಮ ಸರದಿ ಇದೆಲ್ಲ ಮುಗಿದ ಮೇಲೆ. ಇದು ಮೊದಲೇ ಗೊತ್ತಿದ್ದಿದ್ದರೆ ನಾನು ಅಷ್ಟು ನಡುಗುತ್ತಿರಲಿಲ್ಲ.

ಕೊನೆಗೂ ಮಾತಾಡಿದರು. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಒಂದು ಮಾತೂ ಇಲ್ಲ. ಇದು ನನಗೆ ಇವತ್ತಿಗೂ ಉರಿಯುತ್ತದೆ. ಶಿವಮೊಗ್ಗಕ್ಕೆ ಹೋಗುವ ವಿಮಾನ, ಒಳಗಿದ್ದ ಮುಕ್ಕಾಲು ಪಾಲು ಜನ ಮಲೆನಾಡಿನವರು. ಜೀವ ಕೈಯಲ್ಲಿ ಹಿಡಿದು ಕೂತವರಿಗೆ ಏನಾಗುತ್ತಿದೆ ಎಂದು ಅವರ ಭಾಷೆಯಲ್ಲಿ ಎರಡು ಸಾಲು ಹೇಳಬಾರದೇ? ಯಜಮಾನರು ನನ್ನ ಕಡೆ ತಿರುಗಿ, "ಎಂತ ಹೇಳಿದ್ರು?" ಅಂದರು.

"ರನ್‌ವೇ ಸರಿಯಾಗಿ ಕಾಣಲಿಲ್ಲವಂತೆ. ಅದಕ್ಕೆ ಇಳಿಸದೆ ಮೇಲೆ ಬಂದರಂತೆ. ಮಳೆ ಕಡಿಮೆಯಾದರೆ ಇನ್ನೊಂದು ಸಲ ನೋಡುತ್ತಾರಂತೆ. ಇಲ್ಲದಿದ್ದರೆ ಬೆಂಗಳೂರಿಗೇ ವಾಪಸ್. ಎಣ್ಣೆ ಬೇಕಾದಷ್ಟಿದೆಯಂತೆ."

ಹಿಂದಿನ ಸಾಲಿನವರೂ ಕೇಳಿದರು. ಅವರಿಗೂ ತಿರುಗಿ ಹೇಳಿದೆ. ಯಜಮಾನರು ತಲೆ ಆಡಿಸಿದರು. "ಹೊಳವಿಗೆ ಕಾಯ್ತಿದಾನೆ ಅನ್ನಿ."

ಹೊಳವು! ಆ ಪದ ಕೇಳಿ ಎಷ್ಟು ವರ್ಷವಾಗಿತ್ತೋ. ಮಳೆ ಒಂದು ಗಳಿಗೆ ಬಿಟ್ಟು ಬೆಳಕಾಗುತ್ತದಲ್ಲ, ಅದಕ್ಕೆ ನಮ್ಮಲ್ಲಿ ಹೊಳವು ಅನ್ನುತ್ತಾರೆ. ಬಟ್ಟೆ ಒಣಗಿಸುವುದು, ಪೇಟೆಗೆ ಹೋಗುವುದು, ತೋಟಕ್ಕೆ ಔಷಧಿ ಹೊಡೆಯುವುದು ಎಲ್ಲ ಹೊಳವಿನಲ್ಲೇ.

"ಹೆದರಿಕೆ ಆಗುತ್ತಿಲ್ಲವೇ ನಿಮಗೆ?" ಅಂತ ಕೇಳಿದೆ.

"ಆಗ್ದೆ ಎಂತ? ಕೈ ನೋಡಿ." ಮುಂದಿನ ಸೀಟನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದರು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಅಂಗೈ ಅಂಚಿನಲ್ಲಿ ದಪ್ಪ ಚರ್ಮ, ಮೊಣಕೈವರೆಗೆ ಹಳೆಯ ತರಚು ಗಾಯದ ಕಲೆಗಳು. "ನಲವತ್ತು ವರ್ಷ ಅಡಿಕೆ ಮರ ಹತ್ತಿದೀನಿ. ಗಾಳೀಲಿ ತೂಗಾಡದು ಹೊಸದಲ್ಲ. ಆದ್ರೆ ಮರದ ಮೇಲೆ ನನ್ನ ನಾನೇ ಹಿಡ್ಕೊಂಡಿರ್ತೀನಿ. ಇಲ್ಲಿ ಯಾರು ಹಿಡ್ಕೊಂಡಿದಾರೆ ಅಂತ ಗೊತ್ತಾಗದಿಲ್ಲ, ಅದೇ ಹೆದ್ರಿಕೆ."

ತೀರ್ಥಹಳ್ಳಿ ಹತ್ತಿರದ ಊರು. ಮಗಳ ಮನೆಗೆ ಬೆಂಗಳೂರಿಗೆ ಬಂದಿದ್ದರು. "ಒಂದ್ಸಲ ವಿಮಾನದಲ್ಲಿ ಹೋಗು ಅಪ್ಪಯ್ಯ" ಎಂದು ಮಗಳೇ ಟಿಕೆಟ್ ಮಾಡಿಸಿದ್ದಳು. ವಿಮಾನ ಸುತ್ತು ಹೊಡೆಯುತ್ತಿತ್ತು. ಆ ಹೊತ್ತಿನಲ್ಲಿ ಅವರು ನನಗೆ ಕೊನೆಗಾರನ, ಅಂದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವನ, ಕೆಲಸವನ್ನೆಲ್ಲ ಹೇಳಿದರು. ನಾನು ಕೇಳುತ್ತಾ ಹೋದೆ. ಕೇಳದಿದ್ದರೆ ಕಿಟಕಿ ನೋಡಬೇಕಾಗುತ್ತಿತ್ತು.

ಕಾಲಿಗೆ ತಳೆ ಎಂಬ ಹಗ್ಗದ ಬಳೆ ಹಾಕಿಕೊಂಡು ಹತ್ತುವುದು. ಒಂದು ಮರದ ತುದಿ ಮುಟ್ಟಿದ ಮೇಲೆ ಇಳಿಯುವುದಿಲ್ಲ, ಮರವನ್ನೇ ತೂಗಿ ಬಾಗಿಸಿ ಪಕ್ಕದ ಮರ ಹಿಡಿಯುವುದು. ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಸಲ ಬೋರ್ಡೋ ಔಷಧಿ ಹೊಡೆಯಬೇಕು, ನಲವತ್ತು–ನಲವತ್ತೈದು ದಿನಕ್ಕೆ ಇನ್ನೊಂದು ಸಲ. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ. ತಪ್ಪಿದರೆ ಕೊಳೆರೋಗ ಬಂದು ಕಾಯಿಯೆಲ್ಲ ಉದುರಿ ನೆಲ ಸೇರುತ್ತದೆ. ಮಳೆಗಾಲದಲ್ಲಿ ಮರದ ಮೈಯೆಲ್ಲ ಪಾಚಿ. ಎಲ್ಲ ತೋಟದವರಿಗೂ ಅದೇ ಹೊಳವಿನಲ್ಲಿ ಕೊನೆಗಾರ ಬೇಕು.

"ಗಾಳಿ ಬಂದ್ರೆ ಎಂತ ಮಾಡದು?" ನನಗೆ ಅರಿವಿಲ್ಲದೆ ಅವರ ಮಾತಿನ ಧಾಟಿ ಬಂದುಬಿಟ್ಟಿತ್ತು.

"ಕೆಲಸ ಬಿಟ್ಟು ಮರ ತಬ್ಬಿ ಕೂರದು. ನಿಲ್ಲದಿದ್ರೆ ಇಳಿಯದು. ಕೆಳಗಿಂದ ತೋಟದ ಯಜಮಾನ ಕೂಗ್ತಾನೆ, ಇನ್ನೊಂದೇ ಸಾಲು ಅಂತ. ಕೇಳ್ಬಾರ್ದು." ಸ್ವಲ್ಪ ಹೊತ್ತು ಸುಮ್ಮನಾದರು. ವಿಮಾನ ಒಂದು ಕಡೆ ವಾಲಿ ತಿರುಗಿತು. "ನನ್ನ ತಮ್ಮ ಕೇಳ್ದ. ಇನ್ನೊಂದೇ ಮರ ಅಂತ ಹೋದ. ಆಶ್ಲೇಷ ಮಳೆ ಅವತ್ತು."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರೇ ಹೇಳಿದರು: "ಇವ್ನು ಕಾಣ್ಲಿಲ್ಲ ಅಂತ ಮೇಲೆ ಬಂದ್ನಲ್ಲ, ಒಳ್ಳೇದು ಮಾಡ್ದ."

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಯಾಕೆಂದರೆ ಅಷ್ಟು ಹೊತ್ತೂ ನನ್ನ ತಲೆಯಲ್ಲಿ ಇದ್ದದ್ದು ಮಂಗಳೂರು. 2010ರ ಮೇ 22, ಅಲ್ಲಿನ ಬಜ್ಪೆ ನಿಲ್ದಾಣದಲ್ಲಿ ಇಳಿಯುವಾಗ ವಿಮಾನ ಬಿದ್ದು 158 ಜನ ಹೋದರು. ಆ ಬೆಳಿಗ್ಗೆ ಟಿವಿಯಲ್ಲಿ ನೋಡಿದ ಹೊಗೆ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಮನೆಗೆ ಬಂದ ಮೇಲೆ ಅದರ ಬಗ್ಗೆ ಹುಡುಕಿ ಓದಿದೆ. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ, ವೇಗವಾಗಿ ಬರುತ್ತಿತ್ತು. ಸಹ ಪೈಲಟ್ ಮತ್ತೆ ಮೇಲೇರೋಣ ಅಂದಿದ್ದರು. ಆದರೂ ಇಳಿಸುವುದನ್ನು ಕೈಬಿಡಲಿಲ್ಲ. 2020ರ ಆಗಸ್ಟ್ 7ರಂದು ಕೋಳಿಕ್ಕೋಡಿನಲ್ಲಿಯೂ ಅಷ್ಟೇ. ಮಳೆ ಬರುತ್ತಿತ್ತು. ಎರಡನೇ ಪ್ರಯತ್ನದಲ್ಲಿ ಹಿಂದಿನಿಂದ ಗಾಳಿ ಬೀಸುತ್ತಿರುವಾಗಲೇ ಇಳಿಸಿದರು, ರನ್‌ವೇ ದಾಟಿ ಕೆಳಗೆ ಬಿತ್ತು, 21 ಜನ ಹೋದರು. ನನ್ನ ಜೀವವೇ ಹೋಯಿತು ಅನಿಸಿದ ಆ ಅಬ್ಬರ, ಬಿಳಿ ಕಿಟಕಿ, ನಿಜಕ್ಕೂ ನಮ್ಮನ್ನು ಕಾಪಾಡಿದ ಗಳಿಗೆ. ಅದನ್ನು ಆ ಕ್ಷಣದಲ್ಲೇ ಗುರುತಿಸಿದ್ದು ಯಜಮಾನರು.

ಇಪ್ಪತ್ತೈದು ನಿಮಿಷ ಸುತ್ತಿದೆವು. ಕೆಳಗಿಳಿಯುವಾಗ ಮಳೆ ನಿಂತಿರಲಿಲ್ಲ, ತೆಳುವಾಗಿತ್ತು. ಗಾಳಿ ಎಡಗಡೆಯಿಂದ. ವಿಮಾನದ ಮೂತಿ ಒಂದು ಕಡೆ, ನಾವು ಹೋಗುತ್ತಿದ್ದುದು ಇನ್ನೊಂದು ಕಡೆ. ಎಡಗಡೆಯ ಚಕ್ರ ಮೊದಲು ದಡ್ ಎಂದು ಬಡಿಯಿತು, ಆಮೇಲೆ ಬಲಗಡೆಯದು. ಮೇಲಿನ ಪೆಟ್ಟಿಗೆಗಳು ನಡುಗಿದವು. ಮತ್ತೆ ಎಂಜಿನ್ ಕಿರುಚಿದಾಗ ಮತ್ತೆ ಹಾರುತ್ತಿದ್ದೇವೆ ಎಂದು ಕಣ್ಣು ಮುಚ್ಚಿಕೊಂಡೆ. ಅದು ಫ್ಯಾನಿನ ಎಲೆಗಳನ್ನು ತಿರುಗಿಸಿ ಗಾಳಿಯನ್ನು ಮುಂದಕ್ಕೆ ತಳ್ಳಿ ವೇಗ ತಗ್ಗಿಸುವ ಸದ್ದು. ಒದ್ದೆ ರನ್‌ವೇ ಮೇಲೆ ಮೆತ್ತಗೆ ಇಳಿಸುವುದೇ ತಪ್ಪಂತೆ. ನೀರಿನ ಪದರ ಒಡೆದು ಚಕ್ರ ನೆಲ ಹಿಡಿಯಬೇಕಾದರೆ ಹಾಗೆ ಬಲವಾಗಿಯೇ ಕೂರಿಸಬೇಕಂತೆ. ಸೋಗಾನೆಯ ರನ್‌ವೇ ಮೂರು ಕಿಲೊಮೀಟರ್‌ಗೂ ಉದ್ದ. ಅಷ್ಟು ಸಣ್ಣ ವಿಮಾನಕ್ಕೆ ಅದು ಬಹಳವಾಯಿತು. ಕಟ್ಟಿದವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹಿಂದೆ ‘ಮಂಜುನಾಥಾ’ ಎಂದು ಕೂಗಿದವರು ಬಿಕ್ಕಿ ಅಳುತ್ತಿದ್ದರು.

ಮಳೆಗಾಲದಲ್ಲಿ ಈ ಕಡೆ ಹಾರುವವರಿಗೆ ಎರಡು ಮಾತು ಹೇಳಲೇಬೇಕು. ಬೆಲ್ಟನ್ನು ಹೊಟ್ಟೆಯ ಮೇಲಲ್ಲ, ಸೊಂಟದ ಕೆಳಗೆ ಬಿಗಿಯಾಗಿ ಹಾಕಿ, ಕೊನೆಯವರೆಗೂ ಬಿಚ್ಚಬೇಡಿ. ಒಂದು ಪ್ಲಾಸ್ಟಿಕ್ ಕವರ್ ಜೇಬಿನಲ್ಲಿಟ್ಟುಕೊಳ್ಳಿ. ನನ್ನ ಸೀಟಿನ ಮುಂದೆ ವಾಂತಿ ಚೀಲ ಇರಲಿಲ್ಲ, ಪಕ್ಕದ ಸಾಲಿನಲ್ಲೂ ಇರಲಿಲ್ಲ. ಒಬ್ಬ ತಾಯಿ ಮಗುವಿನ ವಾಂತಿಯನ್ನು ತನ್ನ ಸೆರಗಿನಲ್ಲಿ ಹಿಡಿದಳು. ಎರಡು ರೂಪಾಯಿಯ ಕಾಗದದ ಚೀಲ ಅದು! ಶುಭಕಾರ್ಯ ಇರುವ ದಿನವೇ ತಲುಪುವ ಹಾಗೆ ಟಿಕೆಟ್ ಮಾಡಬೇಡಿ. ನಾನು ಹಿಂದಿನ ದಿನ ಹೊರಟದ್ದರಿಂದ ಉಳಿದೆ.

ಯಜಮಾನರನ್ನು ಕರೆದೊಯ್ಯಲು ಮಗ ಜೀಪು ತಂದಿದ್ದ. ಗಾಜನೂರು ದಾಟಿ ಮಂಡಗದ್ದೆವರೆಗೂ ಅದೇ ಜೀಪು ನನ್ನ ಟ್ಯಾಕ್ಸಿಯ ಮುಂದೆ ಹೋಗುತ್ತಿತ್ತು. ತುಂಗೆ ಕೆಂಪಾಗಿ ಅಂಚು ತುಂಬಿ ಹರಿಯುತ್ತಿದ್ದಳು. ಆ ದಾರಿಗೆ ಸಮನಾದ ದಾರಿ ನನಗೆ ಬೇರೆ ಗೊತ್ತಿಲ್ಲ.

ಸೀಮಂತ ಚೆನ್ನಾಗಿ ಆಯಿತು. ಮೂರು ದಿನ ಕಳಲೆ ಪಲ್ಯ, ಕೆಸುವಿನ ಪತ್ರೊಡೆ ತಿಂದೆ. ಬೆಂಗಳೂರಿಗೆ ವಾಪಸ್ ಬಂದದ್ದು ರೈಲಿಗೆ.

ಹೊರಡುವ ದಿನ ಬೆಳಿಗ್ಗೆ ಹೊಳವಾಗಿತ್ತು. ಅಕ್ಕನ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದರು. ಇಪ್ಪತ್ತೈದರ ಹುಡುಗನೊಬ್ಬ ತುದಿಯಲ್ಲಿದ್ದ. ಕೆಳಗೆ ಇನ್ನೊಬ್ಬ ಪೈಪು ಹಿಡಿದಿದ್ದ. ಪಡುವಣದ ಕಡೆಯಿಂದ ಗಾಳಿ ಬಂತು, ಮರಗಳೆಲ್ಲ ಒಟ್ಟಿಗೆ ಬಾಗಿದವು. ಭಾವ ಕೆಳಗಿಂದ ಏನೋ ಕೂಗಲು ಬಾಯಿ ತೆರೆದರು. ನಾನು ಅವರ ಕೈ ಹಿಡಿದು, "ಇಳೀಲಿ ಬಿಡಿ ಭಾವ" ಅಂದೆ. ಮೇಲಿದ್ದ ಹುಡುಗ ಪೈಪು ಕೆಳಗೆ ಬಿಟ್ಟ. ಮರ ತಬ್ಬಿಕೊಂಡ. ಗಾಳಿ ನಿಲ್ಲಲಿಲ್ಲ. ಅವನು ಒಂದೊಂದೇ ಹೆಜ್ಜೆ ಇಳಿದು ನೆಲ ಮುಟ್ಟುವವರೆಗೂ ನಾನು ಅಲ್ಲೇ ನಿಂತಿದ್ದೆ.